ಏಳು ಕಿಲೋದ ಕಣ್ಣಾಸ್ಪತ್ರೆ

ಗುಡ್ಡದ ರಸ್ತೆ ಕುಸಿದಿದೆ ಎಂಬ ಸುದ್ದಿ ಬಂದ ಬೆಳಿಗ್ಗೆ ಕಣ್ಣಾಸ್ಪತ್ರೆಯ ಡಾಕ್ಟರು ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ವಾರದ ನಾಲ್ಕು ದಿನಗಳ ಮೇಲೆ ಕೆಂಪು ಗೀಟು ಎಳೆದರು. ಗುಡ್ಡದ ಮೇಲಿನ ಮೂರು ಹಳ್ಳಿಗಳಲ್ಲಿ ವರ್ಷಕ್ಕೊಮ್ಮೆ ಕಣ್ಣು ತಪಾಸಣೆಯ ಶಿಬಿರ ನಡೆಯಬೇಕಿತ್ತು. ಅದಕ್ಕೆ ಒಂದು ವ್ಯಾನು, ಐದು ಜನ, ಲೆನ್ಸುಗಳ ಮರದ ಪೆಟ್ಟಿಗೆ, ಒಳಗೆ ದೀಪ ಉರಿಯುವ ಚಾರ್ಟಿನ ಡಬ್ಬ, ಮಡಿಸುವ ಕುರ್ಚಿ, ಬ್ಯಾನರು ಎಲ್ಲ ಹೊರಡುತ್ತಿದ್ದವು. ಈಗ ಉಳಿದಿದ್ದು ನಾಲ್ಕು ಗಂಟೆ ಹತ್ತಬೇಕಾದ ಕಾಲುದಾರಿ ಮಾತ್ರ.

“ಮುಂದಿನ ವರ್ಷ ನೋಡೋಣ ಬಿಡಿ,” ಎಂದರು ಡಾಕ್ಟರು.

“ನಾನು ನಡೆದು ಹೋಗಿ ಬರ್ತೀನಿ ಡಾಕ್ಟ್ರೇ.”

ಹಾಗೆಂದವಳು ಕಣ್ಣಕ್ಕ. ಹದಿನಾಲ್ಕು ವರ್ಷದಿಂದ ಆ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವ ಕೆಲಸ ಅವಳದು. ರೋಗಿಗಳು ಇಟ್ಟ ಹೆಸರು ಮೊದಲು ನರ್ಸುಗಳ ಬಾಯಿಗೆ, ಆಮೇಲೆ ಡಾಕ್ಟರ ಬಾಯಿಗೂ ಬಂದಿತ್ತು.

“ನೀವು ಹೋಗ್ತೀರಿ ಸರಿ. ಸಾಮಾನು?”

“ಅದನ್ನೂ ನಾನೇ ಹೊತ್ಕೊಂಡು ಹೋಗ್ತೀನಿ.”

“ಲೆನ್ಸಿನ ಪೆಟ್ಟಿಗೆ ಒಂದೇ ನಾಲ್ಕು ಕಿಲೋ ಇದೆ ಕಣ್ಣಕ್ಕ. ನಿಮ್ಮ ಭುಜದ ಕಥೆ ನನಗೆ ಗೊತ್ತಿಲ್ವಾ?”

ಎರಡು ವರ್ಷದ ಹಿಂದೆ ಅವಳ ಬಲಭುಜ ಹಿಡಿದುಕೊಂಡು, ತಲೆ ಬಾಚಿಕೊಳ್ಳಲೂ ಆಗದೆ ಆರು ತಿಂಗಳು ಒದ್ದಾಡಿದ್ದಳು. ಏಳು ಕಿಲೋಗಿಂತ ಹೆಚ್ಚು ಹೊರಬಾರದು ಎಂದು ಆಗಲೇ ಕಟ್ಟಪ್ಪಣೆಯಾಗಿತ್ತು. ಅದನ್ನು ಅವಳು ಮರೆತಿರಲಿಲ್ಲ.

“ಪೆಟ್ಟಿಗೆ ಗುಡ್ಡಕ್ಕೆ ಬೇಡ. ನಂಬರು ಹೇಳೋದು ಲೆನ್ಸು, ಪೆಟ್ಟಿಗೆ ಅಲ್ವಲ್ಲ,” ಎಂದಳು. “ಹೋದ ವರ್ಷ ಮಳೆ ಅಂತ ಹೋಗಲಿಲ್ಲ. ಈ ವರ್ಷ ರಸ್ತೆ ಅಂತ ಬಿಟ್ರೆ, ಅವರ ಕಣ್ಣು ನಮ್ಮ ರಸ್ತೆಗೆ ಕಾಯುತ್ತಾ? ಶುಕ್ರವಾರ ಬ್ಯಾಗು ತಂದು ನಿಮ್ಮೆದುರಿಗೇ ತೂಗ್ತೀನಿ. ಏಳು ಕಿಲೋ ಮೇಲೆ ಒಂದು ಗ್ರಾಂ ಬಂದ್ರೂ ನಾನೇ ಹೋಗಲ್ಲ.”

ಡಾಕ್ಟರು ಕೆಂಪು ಪೆನ್ನಿನ ಮುಚ್ಚಳ ಹಾಕಿದರು. ಒಪ್ಪಿದರೆಂದಲ್ಲ, ಶುಕ್ರವಾರದವರೆಗೆ ಮಾತು ಮುಂದಕ್ಕೆ ಹಾಕಿದರೆಂದು ಅರ್ಥ.

ಅಂದು ಸಂಜೆ ಮನೆಗೆ ತಂದ ಲೆನ್ಸಿನ ಪೆಟ್ಟಿಗೆಯನ್ನು ಅವಳು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿಟ್ಟಾಗ ಅವಳ ಅತ್ತೆ ಹಿಟ್ಟು ನಾದುವುದನ್ನು ನಿಲ್ಲಿಸಿ ಬಂದು ನಿಂತರು. ಎಪ್ಪತ್ತೊಂದರ ಅತ್ತೆ ಇಪ್ಪತ್ತೆರಡು ವರ್ಷ ಛತ್ರಿ, ಟೆಂಟು ಹೊಲಿಯುವ ಕಾರ್ಖಾನೆಯಲ್ಲಿ ದುಡಿದವರು. ಬಟ್ಟೆಯನ್ನು ಬೆರಳಲ್ಲಿ ಮುಟ್ಟಿಯೇ ಅದು ನೀರು ಹಿಡಿಯುತ್ತದೋ ಬಿಡುತ್ತದೋ ಹೇಳಬಲ್ಲವರು. ಅವರು ಒಂದು ಲೆನ್ಸನ್ನು ಅಂಗೈ ಮೇಲಿಟ್ಟು ನೋಡಿದರು, ಆಮೇಲೆ ಪೆಟ್ಟಿಗೆಯನ್ನು ಎತ್ತಲು ಹೋಗಿ ಬಿಟ್ಟರು.

“ಮೂಗಿಗಿಂತ ಮೂಗುತಿ ಭಾರ ಅನ್ನೋದು ಇದಕ್ಕೇ. ಇದರಲ್ಲಿ ನಿನಗೆ ಬೇಕಾಗಿರೋದು ಎಷ್ಟು?”

ಇನ್ನೂರ ಅರವತ್ತು ಲೆನ್ಸುಗಳಲ್ಲಿ ಗುಡ್ಡದ ಮೇಲೆ ನಿಜಕ್ಕೂ ಬೇಕಾಗುವಂಥವು ಎಷ್ಟು ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ಅವಳು ಹಿಂದಿನ ಶಿಬಿರಗಳ ಚೀಟಿಗಳನ್ನು ನೆನಪು ಮಾಡಿಕೊಂಡು ಒಂದೊಂದಾಗಿ ಬೇರ್ಪಡಿಸಿದಳು. ಎರಡು ಲೆನ್ಸು ಒಂದರ ಮೇಲೊಂದು ಇಟ್ಟರೆ ಮೂರನೆಯದರ ಕೆಲಸ ಆಗುವಲ್ಲಿ ಆ ಮೂರನೆಯದನ್ನು ಕೈಬಿಟ್ಟಳು. ಕೊನೆಗೆ ನಲವತ್ತು ಜೊತೆ ಉಳಿದವು. ಅತ್ತೆ ಹಳೆಯ ಛತ್ರಿ ಬಟ್ಟೆಯಲ್ಲಿ ಚಾಪೆಯಂತೆ ಸುರುಳಿ ಸುತ್ತುವ ಚೀಲ ಹೊಲಿದರು. ಅದರಲ್ಲಿ ಎಂಬತ್ತು ಪುಟ್ಟ ಜೇಬು, ಒಳಗೆ ಮೆತ್ತನೆಯ ಬಟ್ಟೆಯ ಪದರ, ಪ್ರತಿ ಜೇಬಿನ ಮೇಲೂ ದಾರದಲ್ಲೇ ಹೊಲಿದ ಅಂಕಿ. ಪ್ಲಸ್‌ಗೆ ಕಪ್ಪು ದಾರ, ಮೈನಸ್‌ಗೆ ಕೆಂಪು. ನಾಲ್ಕು ಕಿಲೋ ಒಂಬೈನೂರು ಗ್ರಾಮಿಗೆ ಇಳಿಯಿತು.

ಚಾರ್ಟಿನ ಡಬ್ಬದ ಬದಲು ಬಟ್ಟೆಯ ಚಾರ್ಟು ಮಾಡಿಕೊಟ್ಟವನು ಅವಳ ಗಂಡ. ಅವನು ಮುದ್ರಣಾಲಯದಲ್ಲಿ ಕೆಲಸ ಮಾಡುತ್ತಿದ್ದ. ಓದು ಬಾರದವರಿಗೂ ಆಗಲೆಂದು ಅಕ್ಷರಗಳ ಬದಲು ಬಾಚಣಿಗೆಯ ಗುರುತು. ಹಲ್ಲುಗಳು ಮೇಲಕ್ಕೋ, ಕೆಳಕ್ಕೋ, ಎಡಕ್ಕೋ, ಬಲಕ್ಕೋ ಎಂದು ಕೈಯಲ್ಲಿ ತೋರಿಸಿದರೆ ಸಾಕು. ದೊಡ್ಡ ಗುರುತು ಮೊದಲ ಸಾಲಿನಲ್ಲಿ, ಸಣ್ಣದು ಕೆಳಗೆ. ನೇತುಹಾಕಲು ಕುಣಿಕೆ ಹೊಲಿಯುವಾಗ ಅತ್ತೆ ತುದಿ ಯಾವುದು ಬುಡ ಯಾವುದು ಎಂದು ಗೊಂದಲವಾಗಿ ಎರಡೂ ಕಡೆ ಹೊಲಿದರು.

“ಒಂದು ಕಡೆ ಬಿಚ್ಚಲೇನೇ?”

“ಇರ್ಲಿ ಬಿಡಿ ಅತ್ತೆ. ಗಾಳಿಗೆ ಹಾರದ ಹಾಗೆ ಕೆಳಗೂ ಕಟ್ಟಬಹುದು.”

ಕಣ್ಣಿನೊಳಗೆ ಬೆಳಕು ಹಾಯಿಸಿ ನೋಡುವ ಉಪಕರಣ, ಲೆನ್ಸು ಸಿಕ್ಕಿಸುವ ಪರೀಕ್ಷೆಯ ಫ್ರೇಮು, ಒಂದು ಸ್ಕ್ರೂಡ್ರೈವರು, ಓದುವುದಕ್ಕೆಂದು ಹಂಚುವ ಎಪ್ಪತ್ತು ಸಿದ್ಧ ಕನ್ನಡಕ. ಕನ್ನಡಕಗಳನ್ನು ಅವುಗಳ ಡಬ್ಬಿಗಳಿಂದ ಬಿಡಿಸಿ ಬಟ್ಟೆಯಲ್ಲಿ ಸುತ್ತಿದ್ದಾಯಿತು. ಆಸ್ಪತ್ರೆಯ ಸಾಮಾನೆಲ್ಲ ಸೇರಿ ಮೂರೂಮುಕ್ಕಾಲು ಕಿಲೋ. ಬ್ಯಾಗಿನ ತೂಕ ಕಳೆದರೆ ಅವಳ ಸ್ವಂತಕ್ಕೆ ಎರಡೂವರೆ ಕಿಲೋ ಮಿಕ್ಕಿತು. ಅದರಲ್ಲಿ ನಾಲ್ಕು ದಿನದ ಸಂಸಾರ.

ಇಲ್ಲಿಂದ ಅತ್ತೆಯ ದರ್ಬಾರು ಶುರುವಾಯಿತು. ಮೇಜಿನ ಒಂದು ಬದಿಗೆ ಕುರ್ಚಿ ಎಳೆದು ಕೂತು, ಕೆಲಸ ಕೇಳಿಕೊಂಡು ಬಂದವರನ್ನು ಮೇಸ್ತ್ರಿ ವಿಚಾರಿಸುವಂತೆ ಒಂದೊಂದು ವಸ್ತುವನ್ನೂ ವಿಚಾರಿಸಿದರು.

“ಇದು ಯಾವುದಪ್ಪ?”

“ಮಡಚೋ ಲೋಟ ಅತ್ತೆ. ರಬ್ಬರಿಂದು. ನೋಡಿ, ಅಂಗೈಯಷ್ಟೇ ಆಗುತ್ತೆ.” ಅವಳು ಅದನ್ನು ಅಂಗಡಿಯಲ್ಲಿ ಬಹಳ ಮೆಚ್ಚಿಕೊಂಡು ಕೊಂಡಿದ್ದಳು.

ಅತ್ತೆ ಒಲೆಯ ಮೇಲಿನ ಬಿಸಿನೀರನ್ನು ಅದಕ್ಕೆ ಸುರಿದು ಅವಳ ಕೈಗಿತ್ತರು. ಮೆತ್ತಗಾದ ಲೋಟ ಹಿಡಿದ ಕಡೆ ಒಳಕ್ಕೆ ಬಾಗಿ, ಅರ್ಧ ನೀರು ಮೇಜಿನ ಮೇಲೆ ಚೆಲ್ಲಿತು.

“ಇದು ಕಷ್ಟಕಾಲದಲ್ಲಿ ಕೈಕೊಡೋ ಜಾತಿ. ಬೇಡ.” ಅದರ ಜಾಗಕ್ಕೆ ಮುಚ್ಚಳವಿರುವ ಸ್ಟೀಲಿನ ಮಗ್ಗು ಬಂತು. ತೂಕ ಮೂವತ್ತು ಗ್ರಾಂ ಹೆಚ್ಚು, ಆದರೆ ನೀರು ಕಾಯಿಸಬಹುದು, ಅದರಲ್ಲೇ ಉಣ್ಣಬಹುದು, ಮುಚ್ಚಳ ತಟ್ಟೆಯಾಗುತ್ತದೆ, ಒಳಗೆ ಸಾಬೂನು, ಬ್ರಷ್ಷು ಕೂರುತ್ತವೆ.

“ಈ ದಪ್ಪ ಟವೆಲ್ಲು ಒಣಗೋಕೆ ಎಷ್ಟು ಹೊತ್ತು?”

“ಒಂದು ದಿನ.”

“ಹಾಗಾದ್ರೆ ಮಿಕ್ಕ ಮೂರು ದಿನ ಒದ್ದೆ ಟವೆಲ್ಲು ಹೊತ್ಕೊಂಡು ತಿರುಗ್ತೀಯಾ?” ತೆಳ್ಳನೆಯ ಹತ್ತಿ ಬಟ್ಟೆಯೊಂದನ್ನು ಕೊಡವಿ ತೋರಿಸಿದರು. “ಮೈ ಒರೆಸಿಕೋ, ಬಿಸಿಲಿಗೆ ತಲೆಗೆ ಕಟ್ಟಿಕೋ, ಮಲಗೋವಾಗ ಹೊದ್ದುಕೋ. ಬರೀ ಒಂದೇ ಕೆಲಸ ಬರುತ್ತೆ ಅನ್ನೋರಿಗೆ ಈ ಬ್ಯಾಗಲ್ಲಿ ಜಾಗ ಇಲ್ಲ.”

“ಹಾಗಂದ್ರೆ ಸ್ಕ್ರೂಡ್ರೈವರ್‌ನೂ ಬಿಡಬೇಕಾಗುತ್ತೆ.”

“ಅದು ಬಿಡು, ಅದು ನಿನ್ನ ಗಂಡನ ಹಾಗೆ. ಒಂದೇ ಕೆಲಸ ಮಾಡಿದ್ರೂ ನೆಟ್ಟಗೆ ಮಾಡುತ್ತೆ.”

ಒಳಕೋಣೆಯಿಂದ “ನನಗೆ ಕೇಳಿಸ್ತಿದೆ!” ಎಂದು ಕೂಗು ಬಂತು. ಇಬ್ಬರೂ ನಕ್ಕರು.

ಎಲ್ಲದರಲ್ಲೂ ಅತ್ತೆಯೇ ಗೆಲ್ಲಲಿಲ್ಲ. ಮಳೆಗೆ ಛತ್ರಿ ಇರಲೆಂದು ಅವರು ಹಠ ಹಿಡಿದರು, ಛತ್ರಿ ಕಾರ್ಖಾನೆಯ ಅಭಿಮಾನ ಬೇರೆ. ಕಡಿದಾದ ದಾರಿಯಲ್ಲಿ ಎರಡು ಕೈಯೂ ಖಾಲಿ ಇರಬೇಕೆಂದು ಕಣ್ಣಕ್ಕ ಬ್ಯಾಗನ್ನೂ ಮುಚ್ಚುವ ಮಳೆ ಅಂಗಿಯನ್ನೇ ಇಟ್ಟುಕೊಂಡಳು. ಮೂರು ಬಗೆಯ ಚಾರ್ಜರು ವಯರುಗಳನ್ನು ಅವಳೇ ತೆಗೆದು, ಟಾರ್ಚಿಗೂ ಫೋನಿಗೂ ಉಪಕರಣಕ್ಕೂ ಹೊಂದುವ ಒಂದೇ ವಯರು ಹುಡುಕಿಟ್ಟಳು. ಕೊನೆಗೆ ಮುಳ್ಳು ಏಳರ ಮೇಲೆ ಕೂದಲೆಳೆಯಷ್ಟು ನಿಂತಾಗ ಮೂರನೆಯ ಜೊತೆ ಕಾಲುಚೀಲವನ್ನು ಕಿತ್ತು ಹೊರಗೆಸೆದಳು.

“ಅದನ್ನ ತೆಗೀಬೇಡ ಕಣೇ,” ಎಂದರು ಅತ್ತೆ.

“ಎರಡು ಜೊತೆ ಸಾಕು. ಒಂದು ಹಾಕಿಕೊಂಡ್ರೆ ಒಂದು ಒಣಗುತ್ತೆ.”

ಶುಕ್ರವಾರ ಆಸ್ಪತ್ರೆಯ ತಕ್ಕಡಿಯ ಮೇಲೆ ಬ್ಯಾಗು ಆರು ಕಿಲೋ ಒಂಬೈನೂರ ಎಪ್ಪತ್ತು ತೋರಿಸಿತು. ಡಾಕ್ಟರು ಸುರುಳಿ ಬಿಚ್ಚಿಸಿ ಲೆನ್ಸುಗಳನ್ನು ಎಣಿಸಿದರು, ಬಟ್ಟೆಯ ಚಾರ್ಟನ್ನು ಗೋಡೆಗೆ ಹಿಡಿಸಿ ಆರು ಮೀಟರು ಹಿಂದೆ ಸರಿದು ತಾವೇ ಓದಿದರು. ಕೊನೆಯ ಸಾಲಿನಲ್ಲಿ ಒಂದು ತಪ್ಪಿದರು. ಅದನ್ನು ಯಾರೂ ಎತ್ತಿ ಆಡಲಿಲ್ಲ.

“ಈ ಫ್ರೇಮು ನನ್ನ ಗುರುಗಳು ಕೊಟ್ಟಿದ್ದು ಕಣ್ಣಕ್ಕ. ಹುಷಾರು,” ಎಂದಷ್ಟೇ ಹೇಳಿ ಕ್ಯಾಲೆಂಡರಿನ ಕೆಂಪು ಗೀಟುಗಳ ಪಕ್ಕ ‘ಒಬ್ಬರು’ ಎಂದು ಬರೆದರು.

ಸೋಮವಾರ ಬೆಳಕು ಹರಿಯುವಾಗ ಅವಳು ಕುಸಿದ ರಸ್ತೆಯ ತುದಿಯಿಂದ ಹತ್ತತೊಡಗಿದಳು. ಬ್ಯಾಗು ಬೆನ್ನಿಗೆ ಅಂಟಿಕೊಂಡಂತೆ ಕೂತಿತ್ತು. ಮೊದಲ ಹಳ್ಳಿಯಲ್ಲಿ ಒಂದು ಕೊಟ್ಟಿಗೆಯ ಬಾಗಿಲಿಗೆ ಚಾರ್ಟು ನೇತುಹಾಕಿ, ಒಂದು ಹಲಗೆಯ ಮೇಲೆ ಸುರುಳಿ ಬಿಚ್ಚಿದಳು. ಬ್ಯಾನರಿಲ್ಲ, ಕುರ್ಚಿಯಿಲ್ಲ. ಜನ ಮೊದಲು “ಆಸ್ಪತ್ರೆಯವರು ಎಲ್ಲಿ?” ಎಂದು ಅವಳ ಹಿಂದೆ ದಾರಿಯ ಕಡೆಗೆ ನೋಡಿದರು.

“ಇಲ್ಲೇ ಇದೆ ಆಸ್ಪತ್ರೆ, ಬನ್ನಿ ಕೂತ್ಕೊಳ್ಳಿ,” ಎಂದಳು.

ಸಂಜೆಯೊಳಗೆ ನಲವತ್ತೊಂದು ಜನರ ಕಣ್ಣು ನೋಡಿ ಮುಗಿಸಿದಳು. ಮಗ್ಗಿನಲ್ಲಿ ಚಹಾ ಕುಡಿದು, ಅದನ್ನೇ ತೊಳೆದು ಊಟ ಹಾಕಿಸಿಕೊಂಡಳು. ಎರಡನೆಯ ಹಳ್ಳಿಗೆ ಹೋಗುವಾಗ ಹಳ್ಳ ದಾಟಬೇಕಾಗಿ ಬಂದು ಕಾಲುಚೀಲ ಒದ್ದೆಯಾಯಿತು. ಹಿಂದಿನ ದಿನದ್ದು ಇನ್ನೂ ಒಣಗಿರಲಿಲ್ಲ. ಒದ್ದೆಯಲ್ಲೇ ಎರಡು ಗಂಟೆ ನಡೆದದ್ದಕ್ಕೆ ಬಲ ಹಿಮ್ಮಡಿಯಲ್ಲಿ ಕಾಸಗಲ ಬೊಬ್ಬೆ ಎದ್ದಿತು. ಅಂದು ಫೋನಿನಲ್ಲಿ ಅತ್ತೆ “ಎಲ್ಲ ಸರಿ ಇದೆಯಾ?” ಎಂದು ಕೇಳಿದಾಗ ಅವಳು ನಿಜ ಹೇಳಿದಳು.

“ನಲವತ್ತು ಗ್ರಾಮಿನ ಆಸೆಗೆ ಹಿಮ್ಮಡಿ ಕೊಟ್ಟೆ ಅತ್ತೆ.”

“ನಾನು ಹೇಳಿದ್ದೆ ಅಂತ ಹೇಳಲ್ಲ ಬಿಡು,” ಎಂದು ಅತ್ತೆ ಹೇಳಿಯೇ ಬಿಟ್ಟರು.

ಎರಡನೆಯ ಹಳ್ಳಿಯಲ್ಲಿ ಐವತ್ತೆರಡು ಜನ. ಮೂರನೆಯದರಲ್ಲಿ ಒಂದು ಶಾಲೆ ಇತ್ತು. ಒಂದೇ ಕೋಣೆ, ಒಬ್ಬರೇ ಮೇಷ್ಟರು. ಮೇಷ್ಟರು ಐವತ್ತರ ಆಸುಪಾಸಿನವರು, ಗಟ್ಟಿ ದನಿಯವರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು, ದೊಡ್ಡವರಿಗೆ ಬೆಂಚು ಹಾಕಿಸಿದರು, ಹೆಸರು ಬರೆಯುವ ಕೆಲಸ ದೊಡ್ಡ ತರಗತಿಯ ಹುಡುಗಿಯೊಬ್ಬಳಿಗೆ ಹಚ್ಚಿದರು. ದಿನವಿಡೀ ಕಣ್ಣಕ್ಕನ ಪಕ್ಕದಲ್ಲೇ ಇದ್ದರು. ಮೂವತ್ತೇಳು ಜನರದ್ದು ಮುಗಿದಾಗ ಅವಳು ಹೇಳಿದಳು.

“ಮೇಷ್ಟ್ರೇ, ಇನ್ನು ನೀವೊಬ್ಬರೇ ಉಳಿದಿರೋದು.”

“ನಂದು ಹದ್ದಿನ ಕಣ್ಣು. ಆದ್ರೂ ನೋಡಿ, ನಿಮ್ಮ ಸಮಾಧಾನಕ್ಕೆ.”

ಅವರು ಆರು ಮೀಟರು ದೂರಕ್ಕೆ ಎಳೆದ ಗೆರೆಯ ಮೇಲೆ ನಿಂತರು. ಅವಳು ಬೆರಳು ಇಡುತ್ತಾ ಹೋದಂತೆ ಬಲ, ಮೇಲೆ, ಎಡ, ಕೆಳಗೆ ಎಂದು ಪಟಪಟನೆ ಹೇಳಿದರು. ಕೊನೆಯ ಸಾಲಿನಲ್ಲಂತೂ ಅವಳ ಬೆರಳು ತಲುಪುವ ಮೊದಲೇ ಉತ್ತರ ಬಂತು. ಅಲ್ಲೇ ಅವಳಿಗೆ ಅನುಮಾನ ಹುಟ್ಟಿತು. ಬೆಳಗಿನಿಂದ ಮೂವತ್ತೇಳು ಬಾಯಲ್ಲಿ ಅದೇ ಸಾಲುಗಳನ್ನು ಕೇಳಿದವರು ಅವರು. ಮಗ್ಗಿ ಹೇಳಿಕೊಡುವ ಮೇಷ್ಟರಿಗೆ ಬಾಯಿಪಾಠ ಯಾವ ದೊಡ್ಡ ಮಾತು?

ಅವಳು ಮಕ್ಕಳನ್ನು ಆಟಕ್ಕೆ ಕಳಿಸಿ ಬಾಗಿಲು ಮುಂದಕ್ಕೆ ಮಾಡಿದಳು. ಅವರಿಗೆ ಬೆನ್ನು ಅಡ್ಡ ಮಾಡಿ, ಚಾರ್ಟನ್ನು ಬಿಚ್ಚಿ ತಲೆಕೆಳಗು ಮಾಡಿ ಕೆಳಗಿನ ಕುಣಿಕೆಗಳಿಂದಲೇ ನೇತುಹಾಕಿದಳು. ಈಗ ಪುಟ್ಟ ಗುರುತುಗಳು ಮೇಲೆ, ದೊಡ್ಡದು ಕೆಳಗೆ.

“ಇನ್ನೊಂದ್ಸಲ ಹೇಳಿ ಮೇಷ್ಟ್ರೇ, ಮೇಲಿನ ಸಾಲಿಂದ.”

ಮೇಷ್ಟರು “ಬಲ” ಎಂದರು. ಅವಳು ಬೆರಳು ಕದಲಿಸಲಿಲ್ಲ. “ಅಲ್ಲ, ಎಡ” ಎಂದರು. ಅಷ್ಟರಲ್ಲಿ ಅವರ ದನಿ ತಗ್ಗಿತ್ತು.

“ಚಾರ್ಟು ತಿರುಗಿಸಿದ್ದೀನಿ. ದೊಡ್ಡ ಗುರುತು ಈಗ ಎಲ್ಲಿದೆ ಅಂತ ಕಾಣುತ್ತಾ?”

ಅವರು ಮುಂದಿನ ಬೆಂಚಿನ ಮೇಲೆ, ಮಕ್ಕಳ ಎತ್ತರದ ಬೆಂಚಿನ ಮೇಲೆ ಕೂತುಬಿಟ್ಟರು.

“ನಾಲ್ಕು ವರ್ಷ ಆಯ್ತು,” ಎಂದರು. “ಪುಸ್ತಕ ಮಕ್ಕಳ ಕೈಲೇ ಓದಿಸ್ತೀನಿ. ಬೋರ್ಡಿನ ಮೇಲೆ ಕೈ ಅಭ್ಯಾಸದಲ್ಲಿ ಬರೀತೀನಿ. ಉತ್ತರಪತ್ರಿಕೆ ಮನೆಯಲ್ಲಿ ನಮ್ಮ ತಂಗಿ ಓದಿ ಹೇಳ್ತಾಳೆ. ಕಣ್ಣು ಹೋಗಿದೆ ಅಂತ ಮೇಲಿನವರಿಗೆ ಗೊತ್ತಾದ್ರೆ ಶಾಲೆ ಮುಚ್ಚಿ ಮಕ್ಕಳನ್ನ ಕೆಳಗೆ ಕಳಿಸ್ತಾರೆ. ಇಷ್ಟು ದೂರ ಅವು ನಡೀತಾವಾ ಅಕ್ಕ?”

“ಕಣ್ಣು ಹೋಗಿದೆ ಅಂತ ನಿಮಗೆ ಯಾರು ಹೇಳಿದ್ದು? ಮೊದಲು ಮುಖ ಮೇಲೆತ್ತಿ.”

ಅವಳು ಬೆಳಕು ಹಾಯಿಸಿ ನೋಡಿದಳು. ಕಣ್ಣಿನೊಳಗೆ ಎಲ್ಲ ಸ್ವಚ್ಛವಾಗಿತ್ತು. ಪೊರೆಯಿಲ್ಲ, ಕಾಯಿಲೆಯ ಗುರುತಿಲ್ಲ. ಹುಟ್ಟಿನಿಂದಲೇ ದೊಡ್ಡ ಪ್ಲಸ್ ನಂಬರಿದ್ದ ಕಣ್ಣು, ವಯಸ್ಸಿದ್ದಾಗ ತಾನೇ ಬಲವಂತ ಮಾಡಿಕೊಂಡು ನಿಭಾಯಿಸಿತ್ತು. ಈಗ ದಣಿದು ಕೈಚೆಲ್ಲಿತ್ತು, ಅಷ್ಟೆ. ಫ್ರೇಮು ಮೂಗಿನ ಮೇಲೆ ಕೂರಿಸಿ, ಕಪ್ಪು ದಾರದ ಜೇಬುಗಳಿಂದ ಒಂದೊಂದೇ ಲೆನ್ಸು ತೆಗೆದು ಸಿಕ್ಕಿಸಿದಳು. ನಾಲ್ಕಕ್ಕೆ ಬಂದಾಗ ಮೇಷ್ಟರು ಕತ್ತು ಮುಂದೆ ಚಾಚಿದರು. ಚಾರ್ಟಿನ ಕಡೆಗಲ್ಲ, ಕಿಟಕಿಯ ಕಡೆಗೆ.

“ಆ ಗೇಟಿನ ಚಿಲಕ ಮುರಿದಿದೆ,” ಎಂದರು. “ಯಾವಾಗ ಮುರೀತು ಅದು?”

ಓದುವುದಕ್ಕೆ ಇನ್ನೂ ಎರಡೂವರೆ ಸೇರಿಸಬೇಕಾಯಿತು. ಅಲ್ಲಿಗೆ ಆರೂವರೆ. ಅವಳ ಬಳಿಯ ಸಿದ್ಧ ಕನ್ನಡಕಗಳು ಮೂರಕ್ಕೇ ಮುಗಿಯುತ್ತಿದ್ದವು. ಆಸ್ಪತ್ರೆಯಲ್ಲಿ ಮಾಡಿಸಿ ಯಾರ ಕೈಯಲ್ಲಾದರೂ ಮೇಲೆ ಕಳಿಸಲು ಮೂರು ವಾರ ಬೇಕು. ಪರೀಕ್ಷೆಗೆ ಇನ್ನು ಹತ್ತೇ ದಿನ ಎಂದು ಗೋಡೆಯ ಮೇಲೆ ಮಕ್ಕಳ ಕೈಬರಹದಲ್ಲಿತ್ತು.

ಕಣ್ಣಕ್ಕ ಹೆಚ್ಚು ಹೊತ್ತು ಯೋಚಿಸಲಿಲ್ಲ. ಶಿಬಿರದ ಕೊನೆಯ ರೋಗಿ ಎದುರಿಗಿದ್ದರು. ಕೆಳಗೆ ಹೋಗುವ ದಾರಿಯಲ್ಲಿ ಫ್ರೇಮಿಗೆ ಯಾವ ಕೆಲಸವೂ ಇರಲಿಲ್ಲ.

“ಇದನ್ನೇ ಹಾಕ್ಕೊಂಡಿರಿ ಮೇಷ್ಟ್ರೇ. ದೂರಕ್ಕೆ ಹೀಗೆ. ಓದೋವಾಗ ಈ ಎರಡು ಲೆನ್ಸು ಮುಂದಿನ ಸಂದಿಗೆ ಸಿಕ್ಕಿಸಿ, ಆದ್ಮೇಲೆ ತೆಗೆದುಬಿಡಿ. ನಿಮ್ಮ ಕನ್ನಡಕ ಬಂದ ದಿನ ವಾಪಸ್ ಕಳಿಸಿದ್ರೆ ಸಾಕು.”

ಮೇಷ್ಟರು ಫ್ರೇಮನ್ನು ಮುಟ್ಟಿ ನೋಡಿಕೊಂಡರು. ಎರಡು ಕಡೆ ತಿರುಪು, ಸುತ್ತ ಅಂಕಿಗಳು. ಗಡಿಯಾರ ಬಿಚ್ಚಿ ಮುಖಕ್ಕೆ ಕಟ್ಟಿದಂತಿತ್ತು.

“ಇದನ್ನ ಹಾಕ್ಕೊಂಡು ಪಾಠ ಮಾಡಿದ್ರೆ ಊರಿಗೆಲ್ಲ ಗೊತ್ತಾಗುತ್ತೆ.”

“ಗೊತ್ತಾಗ್ಲಿ. ಕಾಣದೇ ಇರೋದನ್ನ ನಾಲ್ಕು ವರ್ಷ ಮುಚ್ಚಿಟ್ಟಿರಿ. ಕಾಣೋದನ್ನ ಯಾಕೆ ಮುಚ್ಚಿಡ್ತೀರಿ?”

ಮೇಷ್ಟರು ತಾವೇ ಎದ್ದು ಬಾಗಿಲು ತೆರೆದು ಗಂಟೆ ಬಾರಿಸಿದರು. ಒಳಗೆ ಬಂದ ಮಕ್ಕಳು ಅವರನ್ನು ನೋಡಿ ಗಪ್ಪನೆ ನಿಂತು, ಒಬ್ಬಳು ಕಿಸಕ್ಕೆಂದದ್ದೇ ತಡ ಕೋಣೆಯೆಲ್ಲ ನಕ್ಕಿತು. ಮೇಷ್ಟರು ನಗು ಮುಗಿಯುವವರೆಗೂ ಕಾದರು.

“ನಕ್ಕಾಯ್ತಾ? ಈಗ ಕೇಳಿ. ನನಗೆ ನಾಲ್ಕು ವರ್ಷದಿಂದ ಸರಿಯಾಗಿ ಕಾಣ್ತಿರಲಿಲ್ಲ. ನಾನು ಹೇಳಲಿಲ್ಲ, ಅದು ತಪ್ಪು. ಇವತ್ತು ಕಾಣ್ತಿದೆ. ಎಲ್ಲರೂ ಪುಸ್ತಕ ಮೇಜಿನ ಮೇಲಿಡಿ. ಇಷ್ಟು ದಿನ ಏನೇನು ಬರೆದಿದ್ದೀರೋ ಒಂದು ಅಕ್ಷರ ಬಿಡದೆ ನೋಡ್ತೀನಿ.”

ಮಕ್ಕಳ ನಗು ಅಲ್ಲಿಗೆ ನಿಂತಿತು. ಪುಸ್ತಕಗಳನ್ನು ಹೊರತೆಗೆಯುವ ಸದ್ದು ಬಹಳ ನಿಧಾನವಾಗಿ ಶುರುವಾಯಿತು.

ಕೆಳಗಿಳಿದು ಬಂದ ಮೇಲೆ ಡಾಕ್ಟರು ಮೂರು ಹಳ್ಳಿಗಳ ಪಟ್ಟಿ ನೋಡಿದರು. ನೂರ ಮೂವತ್ತೊಂದು ಜನ, ಅರವತ್ತಾರು ಕನ್ನಡಕ ಹಂಚಿದ್ದು, ಪೊರೆಯ ಆಪರೇಷನ್ನಿಗೆ ಒಂಬತ್ತು ಹೆಸರು. ತುಂಬಿದ ವ್ಯಾನು ಹೋದ ವರ್ಷಗಳಿಗಿಂತ ಒಂದು ಹಿಡಿ ಹೆಚ್ಚೇ ಇತ್ತು. ಆಮೇಲೆ ಸುರುಳಿ ಬಿಚ್ಚಿದರು. ನಾಲ್ಕು ಜೇಬು ಖಾಲಿ, ಫ್ರೇಮು ಇಲ್ಲ.

“ನನ್ನ ಗುರುಗಳದ್ದು ಅಂತ ಹೇಳಿದ್ದೆ.”

“ಹೌದು ಡಾಕ್ಟ್ರೇ. ಒಬ್ಬ ಮೇಷ್ಟ್ರ ಮೂಗಿನ ಮೇಲಿದೆ. ನಿಮ್ಮ ಗುರುಗಳಿಗೆ ಬೇಜಾರಾಗಲ್ಲ ಅಂದ್ಕೊಂಡೆ.”

ಡಾಕ್ಟರು ಕೋಪದಿಂದ ಏನೋ ಹೇಳಹೊರಟು, ನೂರ ಮೂವತ್ತೊಂದನೆಯ ಹೆಸರಿನ ಎದುರಿದ್ದ ನಂಬರನ್ನು ಇನ್ನೊಮ್ಮೆ ನೋಡಿದರು. “ಆರೂವರೆ ಇಟ್ಕೊಂಡು ಪಾಠ ಮಾಡ್ತಿದ್ರಾ ಮಹಾನುಭಾವರು?” ಎಂದು ಆರ್ಡರು ಚೀಟಿಯ ಮೇಲೆ ‘ತುರ್ತು’ ಎಂದು ಬರೆದರು.

ಕನ್ನಡಕ ಮೂರು ವಾರದ ಬದಲು ಹನ್ನೆರಡೇ ದಿನಕ್ಕೆ ಮೇಲೆ ಹೋಯಿತು. ಫ್ರೇಮು ಮಾತ್ರ ಬರಲಿಲ್ಲ. ಒಂದು ವಾರ ಕಾದು ಡಾಕ್ಟರು ದಿನಕ್ಕೆರಡು ಸಲ ಕೇಳಲು ಶುರುಮಾಡಿದರು. ಕಣ್ಣಕ್ಕ ಬಂದೇ ಬರುತ್ತದೆ ಎಂದಷ್ಟೇ ಹೇಳುತ್ತಿದ್ದಳು. ಅವಳಿಗೆ ಅದರಲ್ಲಿ ಸಂಶಯವೇ ಇರಲಿಲ್ಲ.

ಹೀಗಿರುವಾಗ ಒಂದು ಬುಧವಾರ, ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುರಿಗಾಹಿಯಂತಿದ್ದ ಒಬ್ಬ ಮನುಷ್ಯ ಎಂಟು ವರ್ಷದ ಮಗಳ ಜೊತೆ ಕೂತಿದ್ದ. ಹುಡುಗಿಯ ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಗಂಟು. ಅದರಲ್ಲಿ ಫ್ರೇಮು, ನಾಲ್ಕು ಲೆನ್ಸು, ಮಡಚಿದ ಒಂದು ಕಾಗದ ಇದ್ದವು. ಕಾಗದದ ಮೇಲಿನ ಅಕ್ಷರಗಳು ಗೆರೆ ತಪ್ಪದೆ, ಗುಂಡಗೆ, ಮೇಷ್ಟರ ಕೈಯವೇ ಎಂದು ನೋಡಿದರೆ ತಿಳಿಯುತ್ತಿತ್ತು.

‘ಅಕ್ಕನವರಿಗೆ ವಂದನೆಗಳು. ನೀವು ಬಂದ ದಿನ ಈ ಮಗು ಶಾಲೆಗೆ ಬಂದಿರಲಿಲ್ಲ. ಎರಡು ವರ್ಷದಿಂದ ಇವಳನ್ನು ದಡ್ಡಿ ಎಂದುಕೊಂಡಿದ್ದೆ. ಈಗ ನನಗೆ ಕೊನೆಯ ಬೆಂಚು ಕಾಣುತ್ತದೆ. ಅಲ್ಲಿ ಕೂತು ಇವಳು ಬೋರ್ಡನ್ನು ಹೇಗೆ ನೋಡುತ್ತಾಳೆಂದು ನೋಡಿದೆ. ಕಣ್ಣು ಕಿರಿದು ಮಾಡುತ್ತಾಳೆ. ಆಮೇಲೆ ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಾಳೆ. ಇವಳಪ್ಪನಿಗೆ ಬಿಡುವಾಗಲಿ ಎಂದು ಕಾದೆ. ಫ್ರೇಮು ತಡವಾಯಿತು, ಕ್ಷಮಿಸಿ.’

ಕಣ್ಣಕ್ಕ ಕಾಗದವನ್ನು ಡಾಕ್ಟರ ಮೇಜಿನ ಮೇಲಿಟ್ಟು ಹುಡುಗಿಯನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿದಳು. ಹುಡುಗಿ ಬೆನ್ನು ನೆಟ್ಟಗೆ ಮಾಡಿ, ಪರೀಕ್ಷೆಗೆ ಕೂತವಳಂತೆ ಉಸಿರು ಬಿಗಿಹಿಡಿದಳು.

“ಇದರಲ್ಲಿ ಪಾಸು ಫೇಲು ಇಲ್ಲ ಪುಟ್ಟಿ,” ಎಂದಳು ಕಣ್ಣಕ್ಕ. “ಎಡಗಣ್ಣು ಮುಚ್ಚಿಕೋ. ಕಂಡಷ್ಟು ಹೇಳು.”